ಮೂವತ್ತೇಳನೆಯ ವಯಸ್ಸಿಗೆ ಬಿ.ಎ.



2004ನೇ ಇಸವಿಯಲ್ಲಿ, ಇಪ್ಪತ್ತು ವರ್ಷದ ನಂತರ, ನಾನು ಮತ್ತೆ ಪರೀಕ್ಷೆಯ ಹಾಲಿನಲ್ಲಿ ಕೂತೆ. ಬಿ.ಎ. ಮೊದಲ ವರ್ಷ, ಚರಿತ್ರೆ ಪತ್ರಿಕೆ. ಪ್ರಶ್ನೆ ಪತ್ರಿಕೆ ನೋಡಿ ಗಾಬರಿಯೇನೂ ಆಗಲಿಲ್ಲ, ಓದಿದ್ದೇ ಬಂದಿತ್ತು. ಬರೆಯಲು ಶುರು ಮಾಡಿ ನಲವತ್ತು ನಿಮಿಷ ಕಳೆದಿರಬೇಕು, ಬಲಗೈ ಹೆಬ್ಬೆರಳಿನ ಬುಡ ಸೆಳೆಯಲು ಶುರುವಾಯಿತು. ಒಂದೂವರೆ ಗಂಟೆಯ ಹೊತ್ತಿಗೆ ಬೆರಳು ಮರಗಟ್ಟಿ ಪೆನ್ನು ಜಾರತೊಡಗಿತು. ಪಕ್ಕದ ಸಾಲಿನ ಹುಡುಗ ಎದ್ದು ನಿಂತು ಅಡಿಷನಲ್ ಶೀಟ್ ಕೇಳಿದ. ನಾನು ಎಡಗೈಯಲ್ಲಿ ಬಲಗೈ ನೀವಿಕೊಳ್ಳುತ್ತಾ ಕೂತಿದ್ದೆ. ಕೊನೆಯ ಗಂಟೆ ಹೊಡೆದಾಗ ಎರಡು ಪ್ರಶ್ನೆ ಹಾಗೇ ಉಳಿದಿದ್ದವು. ಎರಡಕ್ಕೂ ಉತ್ತರ ಗೊತ್ತಿತ್ತು. ಬಂದ ಅಂಕ 41.

ಬರವಣಿಗೆ ನನಗೆ ಹೊಸದಾಗಿರಲಿಲ್ಲ. ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯ ವ್ಯವಸಾಯ ಸೇವಾ ಸಹಕಾರ ಸಂಘ, ಜನ ಸೊಸೈಟಿ ಅನ್ನುತ್ತಾರಲ್ಲ, ಅಲ್ಲಿ ನಾನು ಗುಮಾಸ್ತೆ. ಬೆಳಗ್ಗೆಯಿಂದ ಸಂಜೆವರೆಗೆ ಬರೆಯುವುದೇ ಕೆಲಸ. ಆದರೆ ಬರೆಯುತ್ತಿದ್ದದ್ದು ಏನು? ಷೇರುದಾರರ ಹೆಸರು, ಸರ್ವೆ ನಂಬರು, ಅಸಲು, ಬಡ್ಡಿ, ರಸೀತಿ ನಂಬರು. ಎಲ್ಲ ತುಂಡು ತುಂಡು. ಒಂದು ಪೂರ್ತಿ ಪುಟವನ್ನು ವಾಕ್ಯದ ಮೇಲೆ ವಾಕ್ಯ ಜೋಡಿಸಿ ಬರೆದು ಇಪ್ಪತ್ತು ವರ್ಷವಾಗಿತ್ತು ಅನ್ನುವುದು ಅವತ್ತು ಆ ಬೆಂಚಿನ ಮೇಲೆ ನನಗೆ ತಿಳಿಯಿತು.

ಬಿಟ್ಟ ಓದನ್ನು ಮತ್ತೆ ಹಿಡಿಯಬೇಕೆಂದಿರುವವರು ನನ್ನ ಹತ್ತಿರ ಬಂದರೆ ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: "ಈ ವಯಸ್ಸಿಗೆ ತಲೆಗೆ ಹತ್ತುತ್ತಾ ಮೇಡಂ?" ತಲೆಗೆ ಹತ್ತುತ್ತದೆ. ನಾನು ಅವರ ಕೈ ನೋಡುತ್ತೇನೆ. ಎಷ್ಟು ವರ್ಷದಿಂದ ಬರೆದಿಲ್ಲ ಎಂದು ಕೇಳುತ್ತೇನೆ. ಇವತ್ತಿನ ಈ ಮಾತು ಮುಖ್ಯವಾಗಿ ಅದರ ಬಗ್ಗೆಯೇ.

ನನ್ನ ಪಿ.ಯು.ಸಿ. ಮುಗಿದದ್ದು 1984ರಲ್ಲಿ. ಮರುವರ್ಷ ಮದುವೆ. ಯಾರೂ ನನ್ನನ್ನು ಓದಬೇಡ ಎಂದು ತಡೆಯಲಿಲ್ಲ; ಓದು ಎಂಬ ಮಾತೇ ಮನೆಯಲ್ಲಿ ಬರಲಿಲ್ಲ, ಅಷ್ಟೆ. ಅಂಥ ಹೆಣ್ಣುಮಕ್ಕಳು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಸೊಸೈಟಿ ಕೆಲಸ ಸಿಕ್ಕಿದ್ದು 1992ರಲ್ಲಿ. 2003ರಲ್ಲಿ, ನನಗೆ ಮೂವತ್ತೇಳು ತುಂಬಿದಾಗ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದೆ. ಮಗ ಆ ವರ್ಷ ಹತ್ತನೇ ತರಗತಿ.

ನಮ್ಮ ಅತ್ತೆ ಓದು ಬರಹ ಬಾರದವರು. ಅರ್ಜಿಯ ವಿಷಯ ಗೊತ್ತಾದ ದಿನ ಅವರು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಹೈದ ಎಸ್ಸೆಲ್ಸಿಗೆ ಬಂದವ್ನೆ, ಈಗ ನೀನು ಓದಕ್ಕೋಯ್ತೀಯಾ? ನೋಡ್ದೋರು ಏನಂದಾರವ್ವ?" ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾದ ಭಯ ಇತ್ತು. ನನಗೂ ಅದೇ ಭಯ. ಅರ್ಜಿಗೆ ವರ್ಗಾವಣೆ ಪತ್ರ ಬೇಕಿತ್ತು. ಹಳೆಯ ಕಾಲೇಜಿಗೆ ಹೋದಾಗ ಅಲ್ಲಿನ ಕಚೇರಿಯಲ್ಲಿದ್ದವರು ನನ್ನ ಮುಖ ನೋಡಿ, "ಮಗಳದಾ?" ಅಂದರು. "ನಂದೇ" ಅಂದೆ. ಎರಡಕ್ಷರದ ಆ ಮಾತು ಬಾಯಿಂದ ಹೊರಡಲು ಎಷ್ಟು ಕಷ್ಟವಾಯಿತು ಅನ್ನುವುದು ಅದನ್ನು ಹೇಳಿದವರಿಗೇ ಗೊತ್ತು.

ಪತ್ರಿಕೆಗಳಲ್ಲಿ ಆಗಾಗ ತೊಂಬತ್ತು ದಾಟಿದವರು ಪರೀಕ್ಷೆ ಬರೆದ ಸುದ್ದಿ ಬರುತ್ತದೆ. ಕೇರಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ತೆಗೆದರು. ಆ ತಾಯಿಗೆ ನನ್ನ ನೂರು ನಮಸ್ಕಾರ. ಆದರೆ ಇಂಥ ಸುದ್ದಿ ಓದಿ ನಾವು ಕೈ ಮುಗಿಯುತ್ತೇವೆಯೇ ಹೊರತು ಅರ್ಜಿ ತರಲು ಹೋಗುವುದಿಲ್ಲ. ಮೂವತ್ತು, ನಲವತ್ತರ ನಡುವೆ ಇರುವ, ಸಂಬಳಕ್ಕೆ ದುಡಿಯುವ, ಮನೆಯಲ್ಲಿ ಮಕ್ಕಳಿರುವ ವಿದ್ಯಾರ್ಥಿ ಸುದ್ದಿಯಾಗುವುದಿಲ್ಲ. ಮುಕ್ತ ವಿಶ್ವವಿದ್ಯಾಲಯಗಳ ಸಂಪರ್ಕ ತರಗತಿಗೆ ಹೋಗಿ ನೋಡಿ, ಬೆಂಚು ತುಂಬಿರುವುದು ಅವರಿಂದಲೇ: ಪೊಲೀಸ್ ಕಾನ್‌ಸ್ಟೇಬಲ್, ಅಂಗನವಾಡಿ ಕಾರ್ಯಕರ್ತೆ, ಬಸ್ ಕಂಡಕ್ಟರ್, ಪ್ರೈಮರಿ ಸ್ಕೂಲ್ ಮೇಷ್ಟ್ರು.

ಇವರಿಗಾಗಿ ಬಾಗಿಲು ತೆರೆದು ಬಹಳ ಕಾಲವಾಗಿದೆ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ ಬಂದದ್ದು 1969ರಲ್ಲಿ. ಆ ಸಂಸ್ಥೆಯೇ 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಡುವೆ 1982ರಲ್ಲಿ ಹೈದರಾಬಾದಿನ ಮುಕ್ತ ವಿಶ್ವವಿದ್ಯಾಲಯ, 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. 'ತೆರಪು' ಎಂಬ ಮಾತು ನನಗೆ ಬಹಳ ಇಷ್ಟ. ಕೆಲಸ ಕೆಲಸದ ನಡುವೆ ಬಿಡುವು ಮಾಡಿಕೊಂಡು ಓದುವವರಿಗೆ ಅದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು.

ಈಗ ಆ 41ರ ವಿಷಯಕ್ಕೆ ಬರುತ್ತೇನೆ. ಫಲಿತಾಂಶ ಬಂದ ಮೇಲೆ ನಾನು ಓದುವ ರೀತಿಯನ್ನು ಪೂರಾ ಬದಲಾಯಿಸಿದೆ. ಅಲ್ಲಿಯವರೆಗೆ ವಿಶ್ವವಿದ್ಯಾನಿಲಯದವರು ಕೊಟ್ಟ ಸಿದ್ಧಪಾಠವನ್ನು ಓದುತ್ತಿದ್ದೆ, ಮತ್ತೆ ಓದುತ್ತಿದ್ದೆ, ಮೂರನೇ ಸಲ ಪೆನ್ಸಿಲಿನಲ್ಲಿ ಗೆರೆ ಎಳೆದು ಓದುತ್ತಿದ್ದೆ. ಓದಿದಷ್ಟೂ ಎಲ್ಲ ಗೊತ್ತಿದೆ ಅನ್ನಿಸುತ್ತಿತ್ತು. ಆಮೇಲಿಂದ ಒಂದೇ ಸಲ ನಿಧಾನವಾಗಿ ಓದಿ, ಪುಸ್ತಕ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆಯಲು ಶುರು ಮಾಡಿದೆ. ಬರೆಯುತ್ತಿದ್ದದ್ದು ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ. ಮೊದಮೊದಲು ಐದು ಸಾಲು ಬರೆಯುವುದರಲ್ಲಿ ನೆನಪು ಬರಿದಾಗುತ್ತಿತ್ತು. ಆಗ ಪುಸ್ತಕ ತೆರೆದು, ಏನು ಬಿಟ್ಟುಹೋಯಿತು ಎಂದು ನೋಡಿ, ಮತ್ತೆ ಮುಚ್ಚಿ ಬರೆಯುವುದು.

ಆ ರೀತಿ ಯಾಕೆ ಫಲ ಕೊಟ್ಟಿತು ಅನ್ನುವುದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯಭಾಗ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದವರ ನೆನಪು ಉಳಿದಿತ್ತು, ಓದಿದವರದು ಬಹುಪಾಲು ಹೋಗಿತ್ತು. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲವಲ್ಲ, ತಿಂಗಳುಗಳ ನಂತರ. ನನಗಂತೂ ಇದರಲ್ಲಿ ಎರಡು ಲಾಭ: ನೆನಪು ನಿಂತಿತು, ಕೈ ಸಾಗಿತು.

ವಯಸ್ಸಾದಂತೆ ಬುದ್ಧಿ ಮಂದವಾಗುತ್ತದೆ ಎಂಬ ಮಾತನ್ನೂ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ವಾರ್ನರ್ ಶಾಯೀ ಎಂಬುವರು 1956ರಲ್ಲಿ ಆರಂಭಿಸಿದ ಅಧ್ಯಯನ ದಶಕಗಳ ಕಾಲ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿತು. ಕಣ್ಣಲ್ಲಿ ಕಂಡದ್ದನ್ನು ಥಟ್ಟನೆ ಗುರುತಿಸುವ ವೇಗ ಎಳೆಯ ವಯಸ್ಸಿನಿಂದಲೇ ಇಳಿಯುತ್ತಾ ಬರುತ್ತದೆ, ನಿಜ. ಪದಸಂಪತ್ತು, ತರ್ಕದಂಥ ಶಕ್ತಿಗಳು ಮಧ್ಯವಯಸ್ಸಿನಲ್ಲೇ ಒಳ್ಳೆಯ ಏರಿನಲ್ಲಿರುತ್ತವೆ. ಮನಸ್ಸಿನ ಈ ಶಾಸ್ತ್ರವನ್ನು ಮಹಾರಾಜ ಕಾಲೇಜಿನಲ್ಲಿ ಕಲಿಸುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಶುರು ಮಾಡಿದವರು. ಅವರು ಹಚ್ಚಿದ ದೀಪದ ಬೆಳಕಿನಲ್ಲೇ ನಿಂತು ನಾನು ಬಾನುಲಿಯಲ್ಲಿ ಈ ಮಾತು ಹೇಳುತ್ತಿದ್ದೇನೆ ಅನ್ನುವುದು ನನಗೆ ಸಂತೋಷದ ವಿಷಯ.

ಬರೆಯಲು ಹೊತ್ತು ಬೇಕಲ್ಲ, ಅದನ್ನು ಎಲ್ಲಿಂದ ತರುವುದು? ನಾನು ಲೆಕ್ಕದವಳು, ಆದ್ದರಿಂದ ಲೆಕ್ಕವನ್ನೇ ಇಟ್ಟೆ. ನಗದು ಪುಸ್ತಕದ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಜಮಾ, ಬಲಗಡೆ ಖರ್ಚು. ಬೆಳಗಿನ ಜಾವ ನಾಲ್ಕೂವರೆಯಿಂದ ಆರರವರೆಗೆ ಓದಿದರೆ ಒಂದೂವರೆ ಗಂಟೆ ಜಮಾ. ಹಬ್ಬ, ನೆಂಟರು, ಮಗನ ಜ್ವರ ಖರ್ಚಿನ ಕಡೆ. ವಾರಕ್ಕೆ ಒಂಬತ್ತು ಗಂಟೆ ಮಿಕ್ಕಿದರೆ ಆ ವಾರ ಗೆದ್ದ ಹಾಗೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದವರ ಲೆಕ್ಕವೂ ಇದೇ ಥರದ್ದು: ಅವರಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ನಾಲ್ಕು ಕ್ರೆಡಿಟ್ಟಿನ ವಿಷಯಕ್ಕೆ 120 ಗಂಟೆ. ವಾರಕ್ಕೆ ಒಂಬತ್ತು ಗಂಟೆ ಹಾಕಿದರೂ ಒಂದು ವಿಷಯಕ್ಕೆ ಹದಿಮೂರು ಹದಿನಾಲ್ಕು ವಾರ ಹಿಡಿಯುತ್ತದೆ. ಸೇರುವ ಮೊದಲೇ ಈ ಲೆಕ್ಕ ಹಾಕಿಕೊಳ್ಳಿ. ಕೊನೆಯ ತಿಂಗಳು ರಜೆ ಹಾಕಿ ಓದಿಬಿಡುತ್ತೇನೆ ಅನ್ನುವ ನಂಬಿಕೆಯಲ್ಲಿ ಸೇರಿದವರು ಮೊದಲ ವರ್ಷವೇ ಬಿಟ್ಟುಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಬುದ್ಧಿವಂತರು ಅವರು, ಅದೇ ಸಂಕಟ.

ನಮ್ಮ ಕಡೆ ಹೊಗೆಸೊಪ್ಪಿನ ಬೆಳೆ. ಸೊಪ್ಪು ಕಿತ್ತ ಮೇಲೆ ಅದನ್ನು ಹದ ಮಾಡುವ ಬ್ಯಾರನ್ನಿಗೆ ಏರಿಸಿ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಶಾಖ ಹೆಚ್ಚಾದರೂ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಆ ರಾತ್ರಿಗಳಲ್ಲಿ ಯಾರಾದರೂ ಒಬ್ಬರು ಎದ್ದಿರಲೇಬೇಕು. ಎರಡನೇ ವರ್ಷದಿಂದ ಆ ಪಾಳಿಯನ್ನು ನಾನು ಕೇಳಿ ತೆಗೆದುಕೊಂಡೆ. ನಮ್ಮ ಯಜಮಾನರು ಮಲಗುತ್ತಿದ್ದರು, ನಾನು ಒಲೆಗೆ ಸೌದೆ ತಳ್ಳಿ, ಥರ್ಮಾಮೀಟರ್ ನೋಡಿ, ಬಲ್ಬಿನ ಕೆಳಗೆ ಕೂತು ಬರೆಯುತ್ತಿದ್ದೆ. ಮಗನ ಪರೀಕ್ಷೆ ಪ್ಯಾಡು ತೊಡೆಯ ಮೇಲೆ. ಅತ್ತೆ ಪಕ್ಕದಲ್ಲೇ ಗೋಣಿತಾಟು ಹಾಸಿಕೊಂಡು ಮಲಗುತ್ತಿದ್ದರು, ಸೊಸೆ ಒಬ್ಬಳೇ ಎಂದು. ರಟ್ಟಿನ ಮೇಲೆ ಪೆನ್ನು ಓಡುವಾಗ ಒಂದು ಸಣ್ಣ ಸದ್ದು ಬರುತ್ತದೆ. ಅದು ನಿಂತ ತಕ್ಷಣ ಕತ್ತಲಲ್ಲಿ ಅವರ ದನಿ: "ಯಾಕವ್ವ, ಪೆನ್ನು ನಿಂತೋಯ್ತು?" ತೂಕಡಿಸುತ್ತಿದ್ದವಳು ಬೆಚ್ಚಿ ಎದ್ದು ಮತ್ತೆ ಬರೆಯುತ್ತಿದ್ದೆ. ಒಂದಕ್ಷರ ಓದಲಾರದ ಆ ಹೆಂಗಸು ನನಗೆ ಎರಡು ವರ್ಷ ಹಾಗೆ ಪಾಠ ಮಾಡಿಸಿದರು.

ದೊಡ್ಡವರಾಗಿ ಓದುವುದರಲ್ಲಿ ಒಂದು ಸುಖವಿದೆ. ಹದಿನೆಂಟರ ಹುಡುಗರಿಗೆ ಅದು ಸಿಗುವುದು ಕಷ್ಟ. ಪುಸ್ತಕದಲ್ಲಿ ನಮ್ಮ ಬದುಕೇ ಎದುರಾಗುತ್ತದೆ. ಅರ್ಥಶಾಸ್ತ್ರದ ಸಿದ್ಧಪಾಠದಲ್ಲಿ ಗ್ರಾಮೀಣ ಸಾಲದ ಅಧ್ಯಾಯ ತೆರೆದ ದಿನ ನಾನು ಊಟ ಮರೆತೆ. ಹನ್ನೊಂದು ವರ್ಷ ನಾನು ಲೆಡ್ಜರ್ ಬರೆದ ಸಂಘದಂಥ ಸಂಘಗಳು ಎಲ್ಲಿಂದ ಬಂದವು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳತನದಲ್ಲಿ. ಮರುದಿನ ಸೊಸೈಟಿಗೆ ಹೋಗಿ ಅದೇ ಹಳೆಯ ಲೆಡ್ಜರ್ ತೆರೆದಾಗ ಅದರ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವಿಚಾರವೂ ಆ ಪಾಠದಲ್ಲಿತ್ತು. 1951ರ ಹೊತ್ತಿಗೆ ರೈತರು ಮಾಡಿದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರ ಆಸುಪಾಸು, ಲೇವಾದೇವಿಗಾರರದ್ದೇ ಸಿಂಹಪಾಲು. ಮುಂದಿನ ದಶಕಗಳಲ್ಲಿ ಸಂಘ ಮತ್ತು ಬ್ಯಾಂಕುಗಳ ಪಾಲು ಏರಿತು, ಲೇವಾದೇವಿಗಾರರ ಪಾಲು ಇಳಿಯಿತು ಎಂದು ಪುಸ್ತಕ ಹೇಳುತ್ತಿತ್ತು. ನಿಜವೇ. ಆದರೆ ಸೊಸೈಟಿಯ ಕಿಟಕಿಯಿಂದ ಇನ್ನೊಂದು ಕಾಣುತ್ತದೆ. ಮಾರ್ಚ್ ತಿಂಗಳ ಕೊನೆಯಲ್ಲಿ ಬೆಳೆ ಸಾಲ ತೀರಿಸದಿದ್ದರೆ ರೈತ ಸುಸ್ತಿದಾರನಾಗುತ್ತಾನೆ, ಹೊಸ ಸಾಲ ಸಿಗುವುದಿಲ್ಲ. ಕೈಯಲ್ಲಿ ದುಡ್ಡಿಲ್ಲ. ಆಗ ಊರಿನ ಸಾಹುಕಾರರ ಹತ್ತಿರ ಎಂಟು ದಿನಕ್ಕೆ ಕೈಸಾಲ ಮಾಡಿ ತಂದು ಸೊಸೈಟಿಗೆ ಕಟ್ಟುತ್ತಾನೆ. ಏಪ್ರಿಲ್‌ನಲ್ಲಿ ಹೊಸ ಸಾಲ ಕೈಗೆ ಬಂದ ತಕ್ಷಣ ಅದನ್ನು ಒಯ್ದು ಬಡ್ಡಿ ಸಮೇತ ಸಾಹುಕಾರರಿಗೆ ಕೊಡುತ್ತಾನೆ. ನಮ್ಮ ಲೆಡ್ಜರಿನಲ್ಲಿ ಸಾಲ ತೀರಿದೆ, ಹೊಸ ಸಾಲ ಹೋಗಿದೆ. ಆ ಎಂಟು ದಿನದ ಬಡ್ಡಿ ಯಾವ ಲೆಕ್ಕದಲ್ಲೂ ಇಲ್ಲ. ರಸೀತಿ ಹರಿದುಕೊಟ್ಟ ನನಗೆ ಮಾತ್ರ ಅದು ಕಾಣುತ್ತಿತ್ತು.

ಇದನ್ನೆಲ್ಲ ಅಸೈನ್‌ಮೆಂಟಿನಲ್ಲಿ ಉತ್ಸಾಹದಿಂದ ಬರೆದೆ. ಅಂಕ ಕಡಿಮೆ ಬಂತು. ಬೇಜಾರಾಗಿ ಸಂಪರ್ಕ ತರಗತಿಯಲ್ಲಿ ಅಧ್ಯಾಪಕರನ್ನು ಕೇಳಿದೆ. ಅವರು ನನಗಿಂತ ಹತ್ತು ವರ್ಷ ಚಿಕ್ಕವರು. "ನೀವು ಬರೆದಿರೋದು ಪುಸ್ತಕದಲ್ಲಿ ಇಲ್ಲ ಮೇಡಂ, ನಾನೂ ಕಲಿತೆ. ಆದ್ರೆ ಪ್ರಶ್ನೆ ಕೇಳಿದ್ದು ಸಾಲದ ಮೂಲಗಳನ್ನ ವರ್ಗೀಕರಿಸಿ ಅಂತ. ಮೊದಲು ಸಾಂಸ್ಥಿಕ, ಸಾಂಸ್ಥಿಕವಲ್ಲದ್ದು ಅಂತ ಬೇರೆ ಮಾಡಿ ಬರೀರಿ, ಆಮೇಲೆ ನಿಮ್ಮ ಊರನ್ನ ತನ್ನಿ" ಅಂದರು. ನಮ್ಮಂಥವರು ಎಡವುವ ಜಾಗ ಇದು. ಅನುಭವ ಇದೆ ಎಂಬ ಧೈರ್ಯದಲ್ಲಿ ಪ್ರಶ್ನೆಯನ್ನು ಅರ್ಧ ಓದಿ ನಮ್ಮ ಕಥೆ ಹೇಳಲು ಹೊರಡುತ್ತೇವೆ. ಶಾಸ್ತ್ರದ ಮಾತಿನಲ್ಲಿ ಹೇಳಲು ಕಲಿತ ಮೇಲೆ ನನ್ನ ಅನುಭವಕ್ಕೇ ಒಂದು ಆಕಾರ ಬಂತು. ಅಲ್ಲಿಯವರೆಗೆ ಅದು ಬರೀ ಸಂಕಟವಾಗಿತ್ತು.

ಇಂಗ್ಲಿಷ್ ನನಗೆ ಕೊನೆಯವರೆಗೂ ಕಷ್ಟವೇ. ಜಿಲ್ಲಾ ಸಹಕಾರಿ ಬ್ಯಾಂಕಿನಿಂದ ಆಗಾಗ ಇಂಗ್ಲಿಷಿನಲ್ಲಿ ಸುತ್ತೋಲೆ ಬರುತ್ತಿದ್ದವು. ಅವನ್ನು ಕಾರ್ಯದರ್ಶಿಗೆ ಕೊಡುವ ಮೊದಲು ನಾನೇ ಡಿಕ್ಷನರಿ ಇಟ್ಟುಕೊಂಡು ಕನ್ನಡಕ್ಕೆ ಇಳಿಸುತ್ತಿದ್ದೆ. ವ್ಯಾಕರಣದ ಪುಸ್ತಕಕ್ಕಿಂತ ಆ ಸುತ್ತೋಲೆಗಳೇ ನನ್ನನ್ನು ದಾಟಿಸಿದವು.

ಅರ್ಥಶಾಸ್ತ್ರ ಓದುತ್ತಾ ನನಗೆ ಹತ್ತಿರವಾದ ವಿದ್ಯಾರ್ಥಿ ಒಬ್ಬರಿದ್ದಾರೆ: ಬಾಬಾಸಾಹೇಬ್ ಅಂಬೇಡ್ಕರ್. ಅವರನ್ನು ನಾವು ಸಂವಿಧಾನದ ಜೊತೆಗೆ ನೆನೆಯುತ್ತೇವೆ. ಓದು ನಡುವಿಗೇ ಕಡಿದುಹೋಗಿ, ಮತ್ತೆ ಹಿಡಿದು ಮುಗಿಸಿದವರು ಅನ್ನುವುದನ್ನೂ ನೆನೆಯಬೇಕು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಲಂಡನ್ ಬಿಟ್ಟು ಬರಬೇಕಾಯಿತು. ನಾಲ್ಕು ವರ್ಷದೊಳಗೆ ಮರಳಿ ಬಂದು ಮುಂದುವರಿಸಬಹುದು ಎಂಬ ಅನುಮತಿಯನ್ನು ಹೊರಡುವ ಮೊದಲೇ ಪಡೆದಿದ್ದರು. ಬೇರೆ ಹಡಗಿನಲ್ಲಿ ಬರುತ್ತಿದ್ದ ಅವರ ಪುಸ್ತಕಗಳು ಮಹಾಯುದ್ಧದಲ್ಲಿ ಆ ಹಡಗಿನೊಂದಿಗೇ ಮುಳುಗಿದವು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ 1918ರಿಂದ 1920ರವರೆಗೆ ಪಾಠ ಮಾಡಿ ಹಣ ಉಳಿಸಿದರು, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಪಡೆದರು, ಗೆಳೆಯರಲ್ಲಿ ಸಾಲ ಮಾಡಿದರು. ಸಂಸಾರವನ್ನು ಇಲ್ಲಿ ಬಿಟ್ಟು, ಇಪ್ಪತ್ತೊಂಬತ್ತನೇ ವಯಸ್ಸಿಗೆ ಲಂಡನ್ನಿಗೆ ಮರಳಿದರು. 1921ರಲ್ಲಿ ಎಂ.ಎಸ್ಸಿ. ಆಮೇಲೆ ರೂಪಾಯಿಯ ಸಮಸ್ಯೆಯ ಬಗ್ಗೆ ಬರೆದ ಡಿ.ಎಸ್ಸಿ. ಪ್ರಬಂಧವನ್ನು ಪರೀಕ್ಷಕರು ತಿದ್ದಿ ಬರೆಯಬೇಕೆಂದರು. ಅವರು ತಿದ್ದಿ ಬರೆದರು. 1923ರಲ್ಲಿ ಪದವಿ ಬಂತು. ಆ ಮಹಾನುಭಾವರ ಪ್ರಬಂಧವೇ ಒಮ್ಮೆ ವಾಪಸ್ ಬಂದಿತ್ತು ಅನ್ನುವುದನ್ನು ಓದಿದ ರಾತ್ರಿ, ನನ್ನ 41ರ ಅಂಕಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು ಓದುವ ಜಾಗದ ಗೋಡೆಗೆ ಅಂಟಿಸಿದೆ.

ಕೊನೆಯ ವರ್ಷದ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ನಾನೂ ಎದ್ದು ನಿಂತು ಅಡಿಷನಲ್ ಶೀಟ್ ಕೇಳಿದೆ, ಎರಡು ಸಲ. ದಾರ ಕಟ್ಟುವಾಗಲೂ ಕೈ ನಡುಗಲಿಲ್ಲ. 2006ರಲ್ಲಿ ಬಿ.ಎ. ಪ್ರಥಮ ದರ್ಜೆಯಲ್ಲಿ ಮುಗಿಯಿತು, 2008ರಲ್ಲಿ ಎಂ.ಎ. ಕೂಡ. ಫಲಿತಾಂಶ ಹೇಳಿದಾಗ ಅತ್ತೆ ಮೊದಲು ಕೇಳಿದ್ದು, "ಇನ್ನು ರಾತ್ರಿ ಬರೆಯಾಕಿಲ್ವಾ?" ಎಂದು. ಅವರಿಗೆ ಆ ಸದ್ದು ಅಭ್ಯಾಸವಾಗಿಬಿಟ್ಟಿತ್ತು.

ಕೇಳುತ್ತಿರುವವರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಎರಡು ಮಾತು. ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಬಿ.ಎ.ಗೆ ಸೇರಲು ಇಷ್ಟೇ ವಯಸ್ಸಿನೊಳಗಿರಬೇಕೆಂಬ ಮಿತಿ ಇಲ್ಲ. ಆದರೆ ಹಣ ಕಟ್ಟುವ ಮೊದಲು, ನೀವು ಸೇರುವ ಕೋರ್ಸಿಗೆ ಆ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯು.ಜಿ.ಸಿ.ಯ, ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಮಾನ್ಯತೆ ಪಡೆದ ಸಂಸ್ಥೆಯಿಂದ ಹೀಗೆ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನೊಂದು, ವಿಶೇಷವಾಗಿ ಮದುವೆಯಾದ ಹೆಣ್ಣುಮಕ್ಕಳಿಗೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ, ಒಂದರಲ್ಲಿ ಇರುವ ಅಕ್ಷರ ಇನ್ನೊಂದರಲ್ಲಿ ಇರುವುದಿಲ್ಲ. ಕೊನೆಯ ದಿನ ಕೌಂಟರಿನ ಮುಂದೆ ಅದು ಗೊತ್ತಾದರೆ ಒಂದು ವರ್ಷವೇ ಕೈತಪ್ಪುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ನನ್ನ ಅಂಕಪಟ್ಟಿ ಸಿಕ್ಕಿದ್ದು ಅಟ್ಟದ ಮೇಲಿನ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ. ನಿಮ್ಮದು ಎಲ್ಲಿದೆಯೋ, ಇವತ್ತು ರಾತ್ರಿ ಹುಡುಕಿಡಿ.